ಏಣಿಯ ಮೇಲಿನ ಮೇಕೆ

"ಮಾವ, ಸೀನಬೇಡ!"

ಕನ್ನಡಿ ಮಾವ ಸೀನಲಿಲ್ಲ. ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮೇಜಿನ ಮೇಲಿದ್ದ ಗಾಜಿನ ಪ್ಲೇಟಿನಿಂದ ಮೂರು ಹೆಜ್ಜೆ ಹಿಂದೆ ಸರಿದರು. ಬಂದ ಸೀನು ಮರ್ಯಾದೆಯಿಂದ ವಾಪಸ್ ಹೋಯಿತು.

"ಸೀನಿದ್ರೆ ಏನಾಗ್ತಿತ್ತು?"

"ತೊಂಬತ್ತು ವರ್ಷ ಉಳ್ಕೊಂಡಿರೋ ಚಿತ್ರ ನಿನ್ನ ಮೂಗಿಂದ ಹಾಳಾಗ್ತಿತ್ತು. ಆ ಪಾಪಾನೂ ನನ್ನ ತಲೆಗೇ ಬರ್ತಿತ್ತು" ಎಂದಳು ಪುಟ್ಟಿ.

ಪುಟ್ಟಿಗೆ ಮೂವತ್ತನಾಲ್ಕು ವರ್ಷ. ಚಿತ್ರಶಾಲೆಯ ಹಳೆಯ ಫೋಟೋ ಪ್ಲೇಟುಗಳನ್ನು ಕಾಯುವ ಕೆಲಸ ಅವಳದು. ಆದರೂ ಅಕ್ಕನ ಮಗಳು ಎಷ್ಟು ಬೆಳೆದರೇನು, ಸೋದರಮಾವನ ಬಾಯಲ್ಲಿ ಅವಳು ಪುಟ್ಟಿಯೇ. ಡೈರೆಕ್ಟರ ಎದುರಿಗೂ ಹಾಗೇ ಕರೆದು ಅವಳ ಕಿವಿ ಕೆಂಪಾಗಿಸಿದ್ದರು.

ಮೂರು ದಿನದ ಹಿಂದೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು "ಕೆರೆಯ ಪ್ಲೇಟು ಅಸಲಿಯಲ್ಲ, ನೀರು ಸರಿಯಿಲ್ಲ" ಎಂದು ಎರಡೇ ಸಾಲು ಬರೆದಿಟ್ಟು ಹೋಗಿದ್ದರು. ಆ ಕಪಾಟಿನ ಕೀಲಿ ಇದ್ದದ್ದು ಪುಟ್ಟಿಯ ಹತ್ತಿರ ಮಾತ್ರ. ಇವತ್ತು ಸಂಜೆ ಐದರೊಳಗೆ ಅಸಲಿ ಸಿಗದಿದ್ದರೆ, ಅವಳೇ ಅದಲುಬದಲು ಮಾಡಿದ್ದಾಳೆಂದು ಡೈರೆಕ್ಟರು ಪೊಲೀಸರಿಗೆ ಬರೆದುಕೊಡುವವರಿದ್ದರು.

ಮಾವ ಪ್ಲೇಟಿನ ಅಗಲಕ್ಕೆ ಕೈಯಿಟ್ಟು, ಮುಟ್ಟದೆ, ಗಾಳಿಯಲ್ಲೇ ಅಳೆದರು. "ಒಂದು ಗೇಣು, ನಾಲ್ಕು ಬೆರಳು."

"ಅಳತೆಪಟ್ಟಿ ಇದೆ ಮಾವ, ಕೊಡ್ಲಾ?"

"ನಿನ್ನ ಪಟ್ಟಿ ನೀನೇ ಇಟ್ಕೋ."

ಕನ್ನಡಿಗೆ ಬೆಳ್ಳಿ ಹಚ್ಚುವ ಕೆಲಸದಲ್ಲಿ ಕೂದಲು ನರೆಸಿಕೊಂಡ ಮನುಷ್ಯ. ಕಂಡದ್ದನ್ನೆಲ್ಲ ಗೇಣಿನಲ್ಲಿ ಅಳೆಯುವುದು ಅವರ ಚಟ. ಊರವರ ಕಳವು, ಗುಟ್ಟು ಬಿಡಿಸುವುದು ಇನ್ನೊಂದು ಚಟ. ಪುಟ್ಟಿ ಹುಟ್ಟಿದ ದಿನ ಅವಳನ್ನೂ "ಎರಡು ಗೇಣು, ಎರಡು ಬೆರಳು" ಎಂದು ಅಳೆದು ಅಕ್ಕನ ಕೈಲಿ ಬೈಸಿಕೊಂಡಿದ್ದರು.

"ಅಂದ ಹಾಗೆ ಮಾವ, ಅಮ್ಮ ಹೇಳಿ ಕಳ್ಸಿದ್ದಾರೆ. ಊರಿನ ಕಳ್ಳರನ್ನ ಆಮೇಲೆ ಹಿಡೀಲಿ, ಮೊದಲು ನಮ್ಮನೆ ಕನ್ನಡೀಲಿರೋ ಕಲೆ ತೆಗೀಲಿ ಅಂತ."

ಮಾವ ನಕ್ಕರು. ಇದು ಮನೆಯ ಹಳೆಯ ಜಗಳ. ಅಕ್ಕನ ಮನೆಯ ಕೈತೊಳೆಯುವ ಜಾಗದಲ್ಲಿ ಅವರ ಅಜ್ಜ ಮಾಡಿದ ಅಡ್ಡಗನ್ನಡಿಯೊಂದಿತ್ತು. ಅದರೊಳಗೆ ಎಷ್ಟು ಒರೆಸಿದರೂ ಹೋಗದ ಮಸುಕು ಕಲೆ. ಕನ್ನಡಿ ಕೆಲಸದವನ ಅಕ್ಕನ ಮನೆಯಲ್ಲೇ ಇಂಥ ಕನ್ನಡಿಯೇ ಎಂದು ಅಕ್ಕ ಹಂಗಿಸುತ್ತಿದ್ದರು. ಮಾವ ಹೊಸದು ತಂದುಕೊಡುತ್ತಿದ್ದರು. ಹೀಗೆ ಆರು ಕನ್ನಡಿ ತಂದರು. ಆರೂ ಅಕ್ಕಪಕ್ಕದ ಮನೆಗಳಿಗೆ ಹೋದವು. ಮೊಳೆಯ ಮೇಲೆ ಮಾತ್ರ ಹಳೆಯದೇ ನಿಂತಿತು.

"ನೀನು ಚಿಕ್ಕೋಳಿದ್ದಾಗ ಆ ಕಲೆ ನೋಡಿ ಏನೋ ಅಂತಿದ್ದೆಯಲ್ಲ?"

"ಏಣಿ, ಏಣಿ ಮೇಲೆ ಕೊಂಬಿನ ಮೇಕೆ." ಪುಟ್ಟಿ ನಗಲು ಹೋದಳು. ಕಣ್ಣು ಗಡಿಯಾರದ ಮೇಲೆ ಬಿತ್ತು. "ಮಾವ, ಗಂಟೆ ಎರಡಾಯ್ತು."

ಮದುವೆ ಮಕ್ಕಳೆಂದು ತಲೆ ಕೆಡಿಸಿಕೊಳ್ಳದ ಮಾವನಿಗೆ ಮಗಳೆಂದರೆ ಇವಳೊಬ್ಬಳೇ. ಅವರು ಅಂಗಿಯ ತೋಳು ಮಡಿಸಿದರು.

"ಬೆಳಿಗ್ಗೆ ಈ ಪ್ಲೇಟಿಂದ ಕಾಗದಕ್ಕೆ ಅಚ್ಚು ತೆಗೆದ್ಯಲ್ಲ, ಅದನ್ನ ಹರಡು."

ಚಿತ್ರ ಪುಟ್ಟಿಗೆ ಬಾಯಿಪಾಠ. ಚಿತ್ರಶಾಲೆಯ ಟಿಕೆಟ್ಟಿನ ಮೇಲೂ ಅದೇ ಇತ್ತು. ಕಿರಿದಾದ ಕೆರೆ, ಆಚೆ ದಡದಲ್ಲಿ ಹಿಟ್ಟಿನ ಗಿರಣಿ, ಗಿರಣಿಯ ಛಾವಣಿಯ ಹಿಂದೆ ಇಣುಕುವ ಗುಡ್ಡ, ಗಿರಣಿಯಿಂದ ನೀರಿನ ಮೇಲಕ್ಕೆ ಚಾಚಿದ ಮರದ ದೋಣಿಕಟ್ಟೆ. ಕೆಳಗೆ ನೀರಿನಲ್ಲಿ ಅದೆಲ್ಲ ತಲೆಕೆಳಗಾಗಿ, ಒಂದಿಷ್ಟೂ ಕದಡದೆ. ಊರಿಗೆ ಮೊದಲು ಕ್ಯಾಮೆರಾ ತಂದ, ಈ ಚಿತ್ರಶಾಲೆ ಕಟ್ಟಿಸಿದ ಗಡ್ಡದಜ್ಜ ಈಚೆ ದಿಣ್ಣೆಯ ಮೇಲೆ ನಿಂತು ತೆಗೆದ ಚಿತ್ರವೆಂದೇ ಎಲ್ಲರೂ ಓದಿದ್ದು.

ಮಾವ ತಮ್ಮ ಚೀಲದಿಂದ ಕನ್ನಡಿಯೊಂದನ್ನು ತೆಗೆದು ಮೇಜಿನ ಮೇಲೆ ಮಲಗಿಸಿದರು. ಅದರ ಆಚೆ ಅಂಚಿಗೆ ಬಿಸ್ಕತ್ತಿನ ಡಬ್ಬಿ ಇಟ್ಟರು. ಡಬ್ಬಿಯ ಹಿಂದೆ ಚಹಾದ ಫ್ಲಾಸ್ಕು. ಡಬ್ಬಿಯ ಮೇಲೆ ಪುಟ್ಟಿಯ ರಿಜಿಸ್ಟರು, ಕನ್ನಡಿಯ ಕಡೆಗೆ ಅರ್ಧ ಹೊರಚಾಚುವಂತೆ.

"ಎದ್ದು ನಿಂತು ನೋಡು. ಫ್ಲಾಸ್ಕು ಕಾಣ್ತಿದ್ಯಾ?"

"ಕಾಣತ್ತೆ. ಡಬ್ಬಿ ಹಿಂದೆ, ಕುತ್ತಿಗೆಯಿಂದ ಮೇಲಕ್ಕೆ."

"ಕನ್ನಡಿ ಒಳಗೆ?"

ಪುಟ್ಟಿ ನೋಡಿದಳು. ಮತ್ತೆ ನೋಡಿದಳು. "ಕನ್ನಡಿ ಒಳಗೆ ಫ್ಲಾಸ್ಕೇ ಇಲ್ಲ! ಡಬ್ಬಿ ಮುಚ್ಚಿಬಿಟ್ಟಿದೆ."

"ರಿಜಿಸ್ಟರು?"

"ಅದರ ಅಡಿಭಾಗ ಕಾಣತ್ತೆ. ಅಯ್ಯೋ, ಅಡಿಗೆ ಇಷ್ಟು ದೊಡ್ಡ ಶಾಯಿ ಕಲೆ ಇದೆ, ನಾನು ನೋಡೇ ಇರ್ಲಿಲ್ಲ."

"ನೋಡಿದ್ಯಾ?" ಮಾವನಿಗೆ ಹುರುಪು ಬಂದಿತ್ತು. "ನೀರಲ್ಲಿ ಕಾಣೋದು ಮೇಲಿನದ್ದೇ, ತಲೆಕೆಳಗಾಗಿದೆ ಅಷ್ಟೇ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಅಲ್ಲ ಕಣೆ. ನೀರು ತಾನಿರೋ ಜಾಗದಿಂದ ನೋಡತ್ತೆ, ಕೆಳಗಿಂದ ಮೇಲಕ್ಕೆ. ನಮಗೆ ಕಟ್ಟೆಯ ಮೇಲ್ಮೈ ಕಂಡ್ರೆ ನೀರಿಗೆ ಕಟ್ಟೆಯ ಹೊಟ್ಟೆ ಕಾಣತ್ತೆ. ಈಗ ಚಿತ್ರ ನೋಡು."

ಪುಟ್ಟಿ ಭೂತಗನ್ನಡಿ ಹಿಡಿದು ಬಗ್ಗಿದಳು. ನೀರಿನೊಳಗಿನ ಗುಡ್ಡ ಗಿರಣಿಯ ಛಾವಣಿಯನ್ನು ದಾಟಿ, ಮೇಲಿದ್ದಷ್ಟೇ ಎತ್ತರಕ್ಕೆ ನಿಂತಿತ್ತು. ನೀರಿನೊಳಗಿನ ಕಟ್ಟೆಯಲ್ಲಿ ಮೇಲ್ಹಲಗೆಗಳು ಕಾಣುತ್ತಿದ್ದವು, ಮೊಳೆಯ ತಲೆಗಳ ಸಮೇತ. ದಡದುದ್ದಕ್ಕೂ ಸಾಲಾಗಿ ನಿಂತ ಜೊಂಡು ಹುಲ್ಲು ಬೆಳೆದದ್ದಲ್ಲ, ಕುಂಚದಲ್ಲಿ ಬರೆದದ್ದು. ಅದರ ಸಂದಿಯಲ್ಲಿ ಕೂದಲೆಳೆಯಷ್ಟು ನೇರವಾದ ಗೆರೆ.

"ಮೇಲರ್ಧದ ಚಿತ್ರವನ್ನೇ ಮಗುಚಿ ಕೆಳಗೆ ಅಂಟಿಸಿದ್ದಾರೆ. ಅಂಟಿಸಿದ್ದನ್ನ ಮತ್ತೆ ಫೋಟೋ ಹಿಡಿದು ಈ ಪ್ಲೇಟು ಮಾಡಿದ್ದಾರೆ" ಎಂದಳು. ಆಮೇಲೆ ಭೂತಗನ್ನಡಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. "ಅಂದ್ರೆ ಅವರು ಬರೆದದ್ದು ನಿಜ. ಇದು ನಕಲಿ. ನನ್ನ ಕಪಾಟಿಂದ ಯಾರೋ ಅಸಲಿ ಎತ್ಕೊಂಡು ಹೋಗಿದ್ದಾರೆ. ನನ್ನ ಕಥೆ ಮುಗೀತು ಮಾವ."

"ನಕಲಿ ಅನ್ನೋದು ಸರಿ. ಯಾವತ್ತಿನ ನಕಲಿ ಅಂತ ಯಾರಾದ್ರೂ ಕೇಳಿದ್ರಾ?" ಮಾವ ಪ್ಲೇಟಿನ ಎಡಮೂಲೆಗೆ ಬೆರಳು ತೋರಿಸಿದರು. "ಇದೇನು?"

"ಹೆಬ್ಬೆಟ್ಟಿನ ಗುರುತು. ಆಗೆಲ್ಲ ಗಾಜಿನ ಮೂಲೆ ಎಡಗೈಲಿ ಹಿಡ್ಕೊಂಡು, ಬಲಗೈಲಿ ಚಿತ್ರ ಹಿಡಿಯೋ ಮದ್ದು ಸುರೀತಿದ್ರು. ಸುರಿದವರ ಹೆಬ್ಬೆಟ್ಟು ಅಲ್ಲೇ ಉಳಿದುಬಿಡೋದು. ಒಂದೊಂದು ಪ್ಲೇಟಿಗೂ ಒಂದೊಂದು ಥರ."

"ಏಳು. ಡೈರೆಕ್ಟರ ಹತ್ರ ಹೋಗೋಣ."

ಮೆಟ್ಟಿಲ ಬಳಿ ಗಡ್ಡದಜ್ಜನ ಎದೆಮಟ್ಟದ ಕಲ್ಲಿನ ಮೂರ್ತಿ. ಅಗಲ ಅಂಚಿನ ಟೋಪಿ, ನಡುವೆ ಬೈತಲೆ ತೆಗೆದಂತೆ ಎರಡಾಗಿ ಸೀಳಿದ ಉದ್ದ ಗಡ್ಡ. ಇಂಥ ದಿನವೂ ಪುಟ್ಟಿಯ ಕೈ ಸುಮ್ಮನಿರಲಿಲ್ಲ. ಹೋಗುತ್ತ ಹೋಗುತ್ತ ಗಡ್ಡದ ಸಂದಿಯ ಧೂಳು ಒರೆಸಿಯೇ ಮುಂದೆ ಹೋದಳು. ಮಾವ ನೋಡಿಯೂ ನೋಡದವರಂತೆ ಮೆಟ್ಟಿಲು ಹತ್ತಿದರು.

ಡೈರೆಕ್ಟರು ಎಂಥ ಸೆಕೆಯಲ್ಲೂ ಕರಿ ಕೋಟು ಬಿಚ್ಚದ ಗುಂಡುಗುಂಡಗಿನ ಮನುಷ್ಯ. ಅವರ ಕುರ್ಚಿಯ ಹಿಂದೆ, ಗೋಡೆಯ ಮೇಲೆ, ಗಡ್ಡದಜ್ಜ ತಾವೇ ಅಚ್ಚು ತೆಗೆದು ಸಹಿ ಹಾಕಿ ತೂಗುಹಾಕಿದ ಕೆರೆಯ ಚಿತ್ರ. ಕಟ್ಟಡ ತೆರೆದ ದಿನದಿಂದ ಅದು ಅಲ್ಲಿಂದ ಕದಲಿಲ್ಲ.

"ಅಸಲಿ ತಂದ್ರಾ?"

"ಇಲ್ಲ ಸರ್. ನಿಮ್ಮ ಕುರ್ಚಿ ಕೊಡಿ."

ಮಾವ ಚಪ್ಪಲಿ ಬಿಟ್ಟು ಡೈರೆಕ್ಟರ ಕುರ್ಚಿ ಹತ್ತಿದರು. ಕುರ್ಚಿ ತಿರುಗುವ ಕುರ್ಚಿ. ಅದು ತಿರುಗತೊಡಗಿದ್ದನ್ನು ನೋಡಿ ಡೈರೆಕ್ಟರೇ ಗಾಬರಿಯಿಂದ ಎರಡೂ ಕೈಯಲ್ಲಿ ಹಿಡಿದು ನಿಂತರು. ಕಳ್ಳಿಯೆಂದು ಬರೆಯಬೇಕಾದವಳ ಮಾವನ ಕಾಲು ಹಿಡಿದು ನಿಂತ ಹಾಗೆ ಕಂಡಿತು. ಪುಟ್ಟಿ ಮುಖ ತಿರುಗಿಸಿಕೊಂಡಳು.

"ಪುಟ್ಟಿ, ಬೆಳಗಿನ ಅಚ್ಚು ಕೊಡು. ಸರ್, ಇದರ ಎಡಮೂಲೆ ನೋಡಿ. ಈಗ ಗೋಡೆ ಮೇಲಿರೋದರ ಎಡಮೂಲೆ ನೋಡಿ. ಅದೇ ಹೆಬ್ಬೆಟ್ಟು, ಅದೇ ಅಗಲ, ಅದೇ ಓರೆ. ನೀರಲ್ಲಿ ಅದೇ ಗುಡ್ಡ. ಇವೆರಡೂ ಒಂದೇ ಪ್ಲೇಟಿನ ಮಕ್ಕಳು. ಕಪಾಟಿಂದ ಯಾರೂ ಏನೂ ಕದ್ದಿಲ್ಲ. ಮೊದಲಿಂದ ಇದ್ದದ್ದೇ ಇದು."

ಡೈರೆಕ್ಟರು ಕುರ್ಚಿ ಬಿಟ್ಟರು. ಮಾವ ಅರ್ಧ ಸುತ್ತು ತಿರುಗಿ, ಗೋಡೆ ಹಿಡಿದು ಬಚಾವಾದರು.

"ಅಂದ್ರೆ ಗಡ್ಡದಜ್ಜ ಸುಳ್ಳು ಚಿತ್ರ ಮಾಡಿದ್ರು ಅಂತೀರಾ?"

"ನಾನು ಹೇಳ್ತಿಲ್ಲ. ಅವರ ಹೆಬ್ಬೆಟ್ಟು ಹೇಳ್ತಿದೆ."

ಡೈರೆಕ್ಟರು ಗೋಡೆಯ ಚಿತ್ರದ ಕಡೆ ತಿರುಗಿದರು. ಆಮೇಲೆ ಬಂದ ದನಿ ಡೈರೆಕ್ಟರದ್ದಾಗಿರಲಿಲ್ಲ. "ಏಳು ವರ್ಷದವನಿದ್ದಾಗ ಅಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಈ ಚಿತ್ರ ತೋರ್ಸಿದ್ರು. 'ನೋಡು, ನೀರು ಎಷ್ಟು ಪ್ರಾಮಾಣಿಕ' ಅಂದ್ರು. ಆ ಮಾತಿಗೆ ನಾನು ಈ ಕೆಲಸಕ್ಕೆ ಬಂದವನು."

ಮಾವನಿಗೆ ಈ ಮನುಷ್ಯನ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು.

"ಗಾಳಿ!" ಡೈರೆಕ್ಟರು ಥಟ್ಟನೆ ತಲೆಯೆತ್ತಿದರು. "ಆವತ್ತು ಗಾಳಿ ಇತ್ತು. ನೀರು ಕದಡಿತ್ತು. ಆ ಕಾಲದ ಕ್ಯಾಮೆರಾಕ್ಕೆ ಹತ್ತು ಎಣಿಸೋವಷ್ಟು ಹೊತ್ತು ಎಲ್ಲ ಅಲುಗಾಡದೆ ಇರ್ಬೇಕಿತ್ತು. ಅದಕ್ಕೇ ಪಾಪ ನೀರನ್ನ ಸರಿ ಮಾಡಿದ್ದಾರೆ. ಅಷ್ಟೇ ತಾನೆ?"

ಉತ್ತರ ಕೊಟ್ಟದ್ದು ಪುಟ್ಟಿ. "ಗಾಳಿ ಇದ್ದಿದ್ರೆ ಗಿರಣಿ ಪಕ್ಕದ ಮರ ಮಂಜುಮಂಜಾಗಿ ಬರ್ತಿತ್ತು ಸರ್. ಇಲ್ಲಿ ಒಂದೊಂದು ಎಲೆಯನ್ನೂ ಎಣಿಸ್ಬಹುದು. ಆವತ್ತು ಗಾಳಿಯೇ ಇರ್ಲಿಲ್ಲ. ನೀರು ನಿಂತಿತ್ತು."

"ನಿಂತ ನೀರನ್ನ ಯಾರಾದ್ರೂ ಯಾಕೆ ಎಸೀತಾರೆ?"

"ಅದರಲ್ಲಿ ಕಾಣಬಾರದ್ದು ಏನೋ ಕಂಡಿರ್ಬೇಕು" ಎಂದರು ಮಾವ.

ಡೈರೆಕ್ಟರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ನೋಡಿ, ನಿಮ್ಮ ಮಾತು ನನಗೆ ಹಿಡಿಸ್ತು. ಆದ್ರೆ ನನ್ನ ಮೇಲಿನವರಿಗೆ ಹಿಡಿಸಲ್ಲ. ಕಳ್ಳತನ ಅಂದ್ರೆ ನಂಬ್ತಾರೆ, ಗಡ್ಡದಜ್ಜ ಹೀಗೆ ಮಾಡಿದ್ರು ಅಂದ್ರೆ ನನ್ನನ್ನೇ ಆಚೆಗೆ ಕಳಿಸ್ತಾರೆ. ಮೊದಲಿನ ಪ್ಲೇಟು ತೋರ್ಸಿ. ಆ ದಿನದ ನಿಜವಾದ ನೀರು ತೋರ್ಸಿ. ಇವರ ಮೇಲಿನ ದೂರು ನಾನೇ ಕೈಯಾರೆ ಹರಿದು ಹಾಕ್ತೀನಿ. ಇಲ್ದಿದ್ರೆ ಐದಕ್ಕೆ ಸಹಿ ಹಾಕದೆ ನನಗೂ ದಾರಿ ಇಲ್ಲ."

ಇಬ್ಬರೂ ಮೆಟ್ಟಿಲಿಳಿದರು. ಪುಟ್ಟಿಯ ಕಾಲು ತಾನಾಗಿ ಇಳಿಯುತ್ತಿತ್ತು, ಅವಳು ಎಲ್ಲೋ ಇದ್ದಳು.

"ಬೇಡವಾದ ಪ್ಲೇಟು ಆಗ ಏನು ಮಾಡ್ತಿದ್ರು?" ಮಾವ ಕೇಳಿದರು.

"ಗಾಜು ದುಬಾರಿ. ಎಸೀತಿರ್ಲಿಲ್ಲ. ಚಿತ್ರ ಕೆರೆದು ಮತ್ತೆ ಬಳಸ್ತಿದ್ರು. ಇಲ್ಲ, ಗಾಜಿನ ಕೆಲಸದವರಿಗೆ ಕೊಡ್ತಿದ್ರು."

"ಯಾವ ಗಾಜಿನ ಕೆಲಸದವರಿಗೆ?"

ಕೇಳಿದವರು ಅಲ್ಲೇ ಕಂಬದಂತೆ ನಿಂತುಬಿಟ್ಟರು. ಗಡ್ಡದಜ್ಜನ ಸ್ಟುಡಿಯೋಗೆ ಗಾಜು ಕೊಯ್ದು ಕೊಡುತ್ತಿದ್ದವರು ಯಾರೆಂದು ಇಡೀ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ. ಅವರ ಸ್ವಂತ ಅಜ್ಜ. ಅವರ ಬಲಗೈ ತಾನಾಗಿ ಎದ್ದು ಗಾಳಿಯಲ್ಲಿ ಅಳೆಯಿತು: ಒಂದು ಗೇಣು, ನಾಲ್ಕು ಬೆರಳು. ಆ ಅಗಲದ ಇನ್ನೊಂದು ಗಾಜಿನ ಎದುರು ನಿಂತು ಅವರು ಎಷ್ಟೋ ಬೆಳಿಗ್ಗೆ ಮೀಸೆ ಕತ್ತರಿಸಿಕೊಂಡಿದ್ದರು.

"ಮಾವ? ಏನಾಯ್ತು?"

ಮಾವ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ, ಏದುಸಿರು ಬಿಡುತ್ತ, ಬಾಗಿಲಲ್ಲೇ ಕೂಗಿದರು. "ಸರ್! ಐದಕ್ಕೆ ನಮ್ಮಕ್ಕನ ಮನೆಗೆ ಬನ್ನಿ!"

*

"ಏನೋ ಇದು, ಬೆಂಕಿ ಬಿದ್ದವರ ಹಾಗೆ ಓಡಿ ಬಂದಿದ್ದೀರ?" ಅಕ್ಕ ಸೌಟು ಹಿಡಿದೇ ಬಾಗಿಲು ತೆಗೆದರು.

"ಅಕ್ಕ, ಕನ್ನಡಿ ಕಲೆ ತೆಗಿ ಅಂದ್ಯಲ್ಲ. ಬಂದೆ."

ಅಕ್ಕನ ಕೈಯ ಸೌಟು ನಿಂತಿತು. "ಇವತ್ತೇ ಆಗ್ಬೇಕಾ? ಮಗಳ ಕುತ್ತಿಗೆಗೆ ಬಂದು ಕೂತಿರುವಾಗ?"

"ಅದಕ್ಕೇ ಇವತ್ತು."

ಮಾವ ಕನ್ನಡಿಯನ್ನು ಮೊಳೆಯಿಂದಿಳಿಸಿ ಹಜಾರದ ಮೇಜಿಗೆ ತಂದರು. ಅಗಲ ಪ್ಲೇಟಿನದೇ. ಎತ್ತರ ಮಾತ್ರ ಅರ್ಧ. ಅಜ್ಜ ಅಡ್ಡಕ್ಕೆ ಕೊಯ್ದಿದ್ದರು.

"ಬೆಳಕು ಬಿದ್ರೆ ಬರೀ ಕಲೆ" ಎಂದರು. "ಗಾಜಿನ ಮೇಲಿನ ಹಳೇ ಚಿತ್ರ ಸರಿಯಾಗಿ ಕಾಣ್ಬೇಕಾದ್ರೆ ಹಿಂದೆ ಕಪ್ಪಿರ್ಬೇಕು. ಕನ್ನಡಿಯ ಹಿಂದೆ ಕಪ್ಪು ಇಡೋಕಾಗಲ್ಲ, ಅದರ ಎದುರಿಗೆ ಹಿಡೀಬೇಕು. ಪುಟ್ಟಿ, ಕೊಡೆ ಬಿಚ್ಚು."

ಪುಟ್ಟಿ ಕಪ್ಪು ಕೊಡೆಯನ್ನು ಕನ್ನಡಿಯ ಎದುರಿಗೆ ಬಿಚ್ಚಿ ಹಿಡಿದಳು. ಕನ್ನಡಿಯೊಳಗೆ ಕಪ್ಪು ತುಂಬಿತು. ಆ ಕಪ್ಪಿನಲ್ಲಿ, ತೊಂಬತ್ತು ವರ್ಷದಿಂದ ಕಲೆಯೆನಿಸಿಕೊಂಡಿದ್ದದ್ದು ಬೆಳ್ಳಗೆ ಎದ್ದು ಬಂತು.

ಏಣಿ. ಏಣಿಯ ಮೇಲೆ, ಕಿರುಬೆರಳ ಉಗುರಿನಷ್ಟು, ಎರಡು ಕೊಂಬಿನ ಮೇಕೆ.

"ತಿರುಗ್ಸು ಮಾವ" ಎಂದಳು ಪುಟ್ಟಿ. "ನೀರಲ್ಲಿ ಇದ್ದದ್ದು ತಾನೆ? ತಲೆಕೆಳಗೆ ಮಾಡು."

ಮಾವ ಕನ್ನಡಿಯನ್ನು ಮಗುಚಿ ಹಿಡಿದರು. ಏಣಿಯೆಂದದ್ದು ದೋಣಿಕಟ್ಟೆಯ ಹೊಟ್ಟೆಯ ಅಡ್ಡತೊಲೆಗಳು. ಕೊಂಬೆಂದದ್ದು ಎರಡಾಗಿ ಸೀಳಿದ ಉದ್ದ ಗಡ್ಡ.

"ದಿನಾ ಬೆಳಿಗ್ಗೆ ಇವರ ಧೂಳು ಒರೆಸ್ತೀನಿ" ಪುಟ್ಟಿ ಪಿಸುಗುಟ್ಟಿದಳು. "ಮಾವ, ಇವರು ಗಡ್ಡದಜ್ಜ."

ಭೂತಗನ್ನಡಿಯಲ್ಲಿ ಇನ್ನಷ್ಟು ಕಂಡಿತು. ಟೋಪಿ ಮೊಣಕಾಲ ಮೇಲೆ, ಕಾಲು ನೀರಿನಲ್ಲಿ. ದಿಣ್ಣೆಯ ಮೇಲಿನ ಕ್ಯಾಮೆರಾಕ್ಕೆ ನೇರವಾಗಿ ಕಾಣದಂತೆ ಕಟ್ಟೆಯ ಅಡಿಯ ನೆರಳಿನಲ್ಲಿ ಕೂತು, ಹತ್ತು ಎಣಿಸುವವರೆಗೂ ಅಲುಗಾಡದೆ, ಕ್ಯಾಮೆರಾ ಹಿಡಿದವರ ಕಡೆಗೆ ನೋಡಿ ನಗುತ್ತಿದ್ದರು. ಅದು ಫೋಟೋಗೆಂದು ತೆಗೆದುಕೊಂಡ ನಗುವಲ್ಲ. ತೀರ ಪ್ರೀತಿಯವರನ್ನು ಕಂಡಾಗ ಮುಖ ತಾನಾಗಿ ಮಾಡಿಕೊಳ್ಳುವ ನಗು.

"ಇವರು ಕಟ್ಟೆ ಕೆಳಗಿದ್ರೆ" ಪುಟ್ಟಿ ಕೇಳಿದಳು, "ಕ್ಯಾಮೆರಾ ಹಿಂದೆ ಇದ್ದದ್ದು ಯಾರು?"

ಮಾವನ ಕಣ್ಣು ಆಗಲೇ ಮೂಲೆಗೆ ಹೋಗಿತ್ತು. ಇಲ್ಲಿಯೂ ಒಂದು ಹೆಬ್ಬೆಟ್ಟು. ಚಿಕ್ಕದು, ತೆಳ್ಳಗಿನದು. ಅದರ ನಡುವೆ ಓರೆಯಾಗಿ ಗಾಯದ ಗೆರೆ.

ಆ ಹೆಬ್ಬೆಟ್ಟು ಅವರ ಕೆನ್ನೆಗೆ ಗೊತ್ತಿತ್ತು. ಚಿಕ್ಕವರಿದ್ದಾಗ ಅಜ್ಜಿ ಎಡಗೈಯಲ್ಲಿ ಕೆನ್ನೆ ಹಿಂಡಿದರೆ ಆ ಗೆರೆ ಒರಟಾಗಿ ತಾಗುತ್ತಿತ್ತು. ಗಾಜು ಕುಯ್ದದ್ದು ಎನ್ನುತ್ತಿದ್ದರು ಅಜ್ಜಿ. ಯಾವ ಗಾಜು ಎಂದು ಯಾರೂ ಕೇಳಿರಲಿಲ್ಲ.

ಮಾವ ನಿಧಾನಕ್ಕೆ ಅಕ್ಕನ ಕಡೆ ತಿರುಗಿದರು. "ಆರು ಹೊಸ ಕನ್ನಡಿ ತಂದುಕೊಟ್ಟೆ. ಆರನ್ನೂ ದಾನ ಮಾಡ್ದೆ. ಕಲೆ ಇರೋದನ್ನೇ ಇಟ್ಕೊಂಡೆ. ಊರವರ ಗುಟ್ಟು ಬಿಡ್ಸೋನು ನಾನು, ನನ್ನ ಅಕ್ಕನ ಗುಟ್ಟು ನನಗೆ ಕಾಣ್ಲಿಲ್ಲ. ನಿನಗೆ ಗೊತ್ತಿತ್ತು."

ಅಕ್ಕ ಸೌಟನ್ನು ಮೇಜಿನ ಮೇಲಿಟ್ಟರು. "ಇವರು ಯಾರು ಅಂತ ಗೊತ್ತಿರ್ಲಿಲ್ಲ ಕಣೋ, ನಿನ್ನಾಣೆ. ಅಜ್ಜಿ ಕೊನೇ ವಾರ ನನ್ನ ಕೈ ಹಿಡ್ಕೊಂಡು ಅಂದ್ರು, 'ಈ ಮನೇಲಿ ನನ್ನ ಕೈಯಾರೆ ಮಾಡಿದ್ದು ಅಂತ ಇರೋದು ಆ ಕನ್ನಡಿ ಒಳಗಿನದೊಂದೇ. ಒರೆಸ್ಬೇಡ, ಹೊರಗಿನವರಿಗೆ ತೋರ್ಸಬೇಡ. ನಿಮ್ಮಜ್ಜನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕೆರೆಯದೆ ಬೆಳ್ಳಿ ಹಚ್ಚಿ ಕೊಟ್ರು.' ಮಾತು ತಗೊಂಡ್ರು. ನಾನು ಕಲೆ ಕಲೆ ಅಂತ ಬೈದಿದ್ದು, ಯಾರೂ ಅದರಲ್ಲಿ ಚಿತ್ರ ಹುಡುಕದಿರ್ಲಿ ಅಂತ."

ಬಾಗಿಲು ಬಡಿದ ಸದ್ದು. ಗೋಡೆ ಗಡಿಯಾರ ಐದು ಹೊಡೆಯುತ್ತಿತ್ತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡಿ ತೋರಿಸಿದರೆ ಪುಟ್ಟಿ ಉಳಿಯುತ್ತಾಳೆ. ಆದರೆ ಆ ನಗುವಿನ ಜೊತೆ ಅಜ್ಜಿಯ ಹೆಸರು ನಾಳೆ ಊರಿನ ಬಾಯಿಗೆ ಬೀಳುತ್ತದೆ.

"ತೋರ್ಸು ಕಣೋ" ಎಂದರು ಅಕ್ಕ. ಹೇಳುವಾಗಲೇ ಕಣ್ಣಿಂದ ನೀರು ಇಳಿಯಿತು. "ಸತ್ತವರಿಗೆ ಕೊಟ್ಟ ಮಾತಿಗಿಂತ ನನ್ನ ಮಗಳು ದೊಡ್ಡೋಳು."

ಮಾವ ಬಾಯಿ ತೆರೆಯುವ ಮುಂಚೆ ಪುಟ್ಟಿ ಕೊಡೆ ಮಡಿಸಿದಳು. ಕನ್ನಡಿಯನ್ನು ಎತ್ತಿಕೊಂಡು ಹೋಗಿ, ಮೊದಲಿದ್ದ ಮೊಳೆಗೆ, ಮೊದಲಿದ್ದ ಹಾಗೇ ತೂಗುಹಾಕಿದಳು. ಸೆರಗಿನ ತುದಿಯಿಂದ ಅಮ್ಮನ ಕಣ್ಣು ಒರೆಸಿದಳು. ಆಮೇಲೆ ಹೋಗಿ ಬಾಗಿಲು ತೆಗೆದಳು.

"ಸಿಕ್ತಾ?" ಡೈರೆಕ್ಟರು ಹೊಸಿಲಲ್ಲೇ ಕೇಳಿದರು. ಕೈಯಲ್ಲಿ ಮಡಿಸಿದ ಕಾಗದ.

"ಇಲ್ಲ ಸರ್. ನೀವು ಸಹಿ ಹಾಕ್ಬಹುದು."

ಡೈರೆಕ್ಟರ ಮುಖ ಬಾಡಿತು. ಒಳ್ಳೆಯ ಸುದ್ದಿಯ ಆಸೆಯಲ್ಲಿ ಅರ್ಧ ದಾರಿ ಓಡಿಯೇ ಬಂದಿದ್ದರು ಪಾಪ, ಬೆವರು ಕಿವಿಯಿಂದ ಇಳಿಯುತ್ತಿತ್ತು. "ಒಂದ್ನಿಮಿಷ. ಸಹಿ ಎಲ್ಲಿಗೆ ಓಡಿಹೋಗತ್ತೆ. ಮುಖ ತೊಳ್ಕೋಬಹುದಾ?"

ಮನೆಗೆ ಬಂದವರಿಗೆ ಬೇಡವೆನ್ನುವುದು ಹೇಗೆ? ಡೈರೆಕ್ಟರು ನಲ್ಲಿ ತಿರುಗಿಸಿ, ಮುಖಕ್ಕೆ ನೀರು ಎರಚಿಕೊಂಡು, ಕರವಸ್ತ್ರದಲ್ಲಿ ಒತ್ತಿಕೊಳ್ಳುತ್ತ ಕನ್ನಡಿಯ ಎದುರು ನೆಟ್ಟಗೆ ನಿಂತರು. ಎಂಥ ಸೆಕೆಯಲ್ಲೂ ಬಿಚ್ಚದ ಅವರ ಕರಿ ಕೋಟು ಕನ್ನಡಿಯ ತುಂಬ ತುಂಬಿಕೊಂಡಿತು.

ಮಾವ ಕೈಲಿದ್ದ ಭೂತಗನ್ನಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಇದೇನಮ್ಮ" ಎಂದರು ಡೈರೆಕ್ಟರು, ಕರವಸ್ತ್ರ ಕೆನ್ನೆಯ ಮೇಲೇ ನಿಂತಿತ್ತು. "ನಿಮ್ಮ ಕನ್ನಡಿ ಒಳಗೆ ಒಂದು ಏಣಿ ಇದೆಯಲ್ಲ?"

ಡೈರೆಕ್ಟರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ ನಿಧಾನವಾಗಿ, ಕುತ್ತಿಗೆ ಉಳುಕುವಷ್ಟು, ತಲೆಯನ್ನು ಕೆಳಗುಮೇಲಾಗಿ ವಾಲಿಸತೊಡಗಿದರು.